ಏಳನೆಯ ಮೆಟ್ಟಿಲು

"ಉಂಡ ಮನೆಗೇ ಎರಡು ಬಗೆಯೋನು ಯಾರೋ ನಮ್ಮೊಳಗೇ ಇದ್ದಾನೆ!"

ಸಾಹೇಬರು ಕಚೇರಿಯ ಮೆಟ್ಟಿಲ ಬುಡದಲ್ಲಿ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡಿದ್ದರು. ಟೈಪಿಸ್ಟ್, ಇಬ್ಬರು ಗುಮಾಸ್ತರು, ಜವಾನ, ಗೇಟಿನ ಕಾವಲುಗಾರ. ಸಾಹೇಬರ ಕೈಯಲ್ಲಿ ಅಡಿಪಟ್ಟಿ ಇತ್ತು. ಏಳನೆಯ ಮೆಟ್ಟಿಲನ್ನು ಅವರು ಆಗಷ್ಟೇ ಅಳೆದು ಬಂದಿದ್ದರು. ಉಳಿದವಕ್ಕಿಂತ ಒಂದು ಬೆರಳು ಎತ್ತರ, ಪತ್ರದಲ್ಲಿ ಬರೆದಿದ್ದ ಹಾಗೆಯೇ. ಒಂಬತ್ತು ವರ್ಷ ದಿನಾ ಹತ್ತಿ ಇಳಿದವರಿಗೆ ಅದು ಗೊತ್ತೇ ಇರಲಿಲ್ಲ.

ಪತ್ರ ಬಂದಿದ್ದು ಅವರಿಗಲ್ಲ, ಗೇಟಿನಾಚೆ ಕುಳಿತವರಿಗೆ. ಅವರು ಏಳೆಂಟು ಮಂದಿ ಸ್ವಯಂಸೇವಕರು. ಮುಂದಾಳು ಗಾಲಿಕುರ್ಚಿಯ ಗಣಿತದ ಟೀಚರ್, ನಿವೃತ್ತರು, ಬಾಯಿ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ಸೋಮವಾರ ಬಂತೆಂದರೆ ಅವರೆಲ್ಲ ಹಾಜರು. ಕೇಳುತ್ತಿದ್ದುದು ಒಂದೇ: ಕಚೇರಿಗೆ ಒಂದು ರ‍್ಯಾಂಪು. ಅಂಗವಿಕಲರ ಗುರುತಿನ ಚೀಟಿ ಕೊಡುವ ಕೌಂಟರನ್ನು ಹನ್ನೊಂದು ಮೆಟ್ಟಿಲ ಮೇಲೆ ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಸಿಕ್ಕಿದ್ದರೆ ಟೀಚರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

'ಮೆಟ್ಟಿಲುಗಳು ನಿಯಮದಂತೆಯೇ ಇವೆ' ಎಂದು ಸಾಹೇಬರು ಮೇಲಿನವರಿಗೆ ಬರೆದು ಕೈತೊಳೆದುಕೊಂಡಿದ್ದರು. ಆಮೇಲೆ ಶುರುವಾದವು ಈ ಪತ್ರಗಳು. ಹೆಸರಿಲ್ಲ, ಸಹಿಯಿಲ್ಲ. ಟೀಚರ್ ಅವನ್ನು ಮೈಕಿನಲ್ಲಿ ಓದುತ್ತಿದ್ದರು. 'ಎರಡನೆಯ ಮೆಟ್ಟಿಲಿನ ಅಂಚು ಸವೆದಿದೆ, ಒದ್ದೆಯಾದರೆ ಜಾರುತ್ತದೆ.' 'ಹಿಡಿದುಕೊಳ್ಳಲು ಕಂಬಿಯಿಲ್ಲ. ಗೋಡೆಯೇ ಗತಿ. ಗೋಡೆ ಒಂಬತ್ತನೆಯದಕ್ಕೆ ಮುಗಿಯುತ್ತದೆ, ಇನ್ನೆರಡು ದೇವರ ಮೇಲೆ ಭಾರ.' ಈಗ ಏಳನೆಯದು. ಮೇಲಿನಿಂದ ತನಿಖೆಗೆ ಆದೇಶ ಬಂದಿತ್ತು. ಆದರೆ ಸಹಿಯಿಲ್ಲದ ಪತ್ರಕ್ಕೆ ಬೆಲೆಯಿಲ್ಲ, ಒಳಗಿನವರು ಯಾರಾದರೂ ಎದುರು ಬಂದು ಹೇಳಲಿ ಎಂಬ ಷರತ್ತೂ ಇತ್ತು.

"ಯಾರೋ ಟೇಪು ಹಿಡಿದು ಅಳೀತಿದ್ದಾರೆ. ಹೆಸರು ಗೊತ್ತಾದ ದಿನಾನೇ ಮನೆಗೆ ಕಳಿಸ್ತೀನಿ," ಎಂದ ಸಾಹೇಬರು ಕಾವಲುಗಾರನ ಹೆಗಲು ತಟ್ಟಿದರು. "ನೀನೊಬ್ಬ ಕಣೋ ನಂಬಿಕಸ್ಥ. ಕಣ್ಣಿಟ್ಟಿರು."

"ಯಾರೂ ಟೇಪು ಹಿಡ್ದಿದ್ದು ನಾನು ನೋಡಿಲ್ಲ ಸಾರ್."

ಸಾಹೇಬರಿಗೆ ಅವನೆಂದರೆ ಹೆಮ್ಮೆ. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವನು, ಎಲ್ಲರೂ ಹೋದ ಮೇಲೆ ಬೀಗ ಹಾಕುವವನು. ನಡುವೆ ಗೇಟು ಬಿಟ್ಟು ಕದಲುವವನಲ್ಲ. ಮೇಲಿನಿಂದ ಕರೆ ಬಂದರೂ ಜವಾನನನ್ನೇ ಓಡಿಸುತ್ತಿದ್ದ. ಸ್ಟೂಲು ಕೊಟ್ಟಿದ್ದರೂ ಕೂರುತ್ತಿರಲಿಲ್ಲ. ಬೂಟಂತೂ, ಅದರಲ್ಲೂ ಎಡಗಾಲಿನದು, ಒಂದು ಮಡಿಕೆ ಬೀಳದೆ ಅಂಗಡಿಯಿಂದ ಈಗ ತಂದಂತಿರುತ್ತಿತ್ತು.

"ನೋಡ್ರೀ," ಎಂದು ಸಾಹೇಬರು ಗೇಟಿನಾಚೆಯವರಿಗೆ ಅವನನ್ನು ತೋರಿಸುತ್ತಿದ್ದರು. "ಹನ್ನೆರಡು ಗಂಟೆ ನಿಂತೇ ಇರ್ತಾನೆ. ಕಾಲು ಅಂದ್ರೆ ಇದು. ನಿಮ್ಮೋರ‍್ಗೂ ಕೆಲಸ ಕೊಡಿ ಅಂತೀರಲ್ಲ, ಆಗತ್ತಾ ಇದು ನಿಮ್ಮ ಕೈಲಿ?"

ಸ್ವಯಂಸೇವಕರ ಮೇಲೆ ಅವನಷ್ಟು ಜೋರು ಮಾಡುವವರು ಇನ್ನೊಬ್ಬರಿರಲಿಲ್ಲ. "ಗೇಟು ದಾಟಿದ್ರೆ ಕಾಲು ಮುರೀತೀನಿ!" ಎಂದು ಲಾಠಿ ಎತ್ತಿದ್ದ ಒಮ್ಮೆ.

"ಮುರಿಯೋಕೆ ಬೇರೆ ಕಾಲು ಹುಡುಕು ತಮ್ಮಾ," ಎಂದಿದ್ದರು ಟೀಚರ್. ಎಲ್ಲರೂ ನಕ್ಕರು. ಕಾವಲುಗಾರ ಮಾತ್ರ ತಟ್ಟನೆ ಮುಖ ತಿರುಗಿಸಿದ್ದ.

ಮುಂದಿನ ಸೋಮವಾರ ಟೇಪು ಸಿಕ್ಕಿತು, ಟೈಪಿಸ್ಟಳ ಚೀಲದಲ್ಲಿ.

"ಅಕ್ಕನ ಮಗಳಿಗೆ ಫ್ರಾಕು ಹೊಲೀತಿದೀನಿ ಸಾರ್," ಎಂದಳು. ಯಾರು ಕೇಳುತ್ತಾರೆ? ಸಾಹೇಬರು ವಜಾ ಆದೇಶ ಹೇಳಿ ಬರೆಸಿದರು. ಕಚೇರಿಗೆ ಟೈಪಿಸ್ಟ್ ಒಬ್ಬಳೇ ಆದ್ದರಿಂದ ತನ್ನ ವಜಾ ಆದೇಶವನ್ನು ಅವಳೇ ಟೈಪು ಮಾಡಬೇಕಾಯಿತು. ಕಣ್ಣು ತುಂಬಿತ್ತು, ಬೆರಳು ತಪ್ಪಲಿಲ್ಲ. "ಕಾಗುಣಿತ ನೋಡ್ಕೊಳ್ಳಿ ಸಾರ್. ನಾಳೆಯಿಂದ ತಿದ್ದೋರು ಇರಲ್ಲ," ಎಂದು ಹಾಳೆ ಎಳೆದು ಕೊಟ್ಟಳು.

ಸಾಹೇಬರು ಅವಳನ್ನು ಮೆಟ್ಟಿಲ ತಲೆಗೆ ಕರೆತಂದು ಕೆಳಗೆ ಕೂಗಿದರು. "ಏಯ್, ಬಾರೋ ಮೇಲೆ. ಇವರನ್ನ ಗೇಟಿನಿಂದಾಚೆ ಬಿಡು. ಎಲ್ಲರೂ ನೋಡಲಿ."

ಜವಾನ ಅಭ್ಯಾಸಬಲದಿಂದ ಓಡಲು ಹೊರಟ. ಕಾವಲುಗಾರ ಅವನನ್ನು ಲಾಠಿ ಅಡ್ಡ ಹಿಡಿದು ತಡೆದ. ಗೇಟನ್ನು ಪೂರ್ತಿ ತೆರೆದ, ಎರಡೂ ಬಾಗಿಲು. ಟೀಚರ್ ಮಾತು ನಿಲ್ಲಿಸಿ ಮೈಕು ಕೆಳಗಿಟ್ಟರು.

ಅವನು ಮೆಟ್ಟಿಲು ಹತ್ತುವುದನ್ನು ಕಚೇರಿಯವರು ನೋಡಿದ್ದು ಅದೇ ಮೊದಲು. ಅವಸರವಿಲ್ಲದೆ, ಗೋಡೆಗೆ ಅಂಗೈ ಒತ್ತಿಕೊಂಡು ಹತ್ತಿದ. ಮೇಲೆ ಬಂದವನೇ ಸಾಹೇಬರ ಕೈಯಿಂದ ಹಾಳೆ ತೆಗೆದುಕೊಂಡು ನಾಲ್ಕಾಗಿ ಹರಿದ.

"ಆ ತಾಯಿಗೆ ಇದೇನೂ ಗೊತ್ತಿಲ್ಲ," ಎಂದ. ದನಿ ಗೇಟಿನಾಚೆಗೂ ಕೇಳುವಷ್ಟು ದೊಡ್ಡದಿತ್ತು. "ಮೂರೂ ಪತ್ರ ನಾನೇ ಬರ‍್ದಿದ್ದು. ತನಿಖೆಗೆ ಸಹಿ ಬೇಕಂತಲ್ಲ, ಎಲ್ಲಿ ಹಾಕ್ಲಿ ಹೇಳಿ."

ಸಾಹೇಬರ ಮುಖ ಕಪ್ಪಿಟ್ಟಿತು. "ನೀನಾ? ಟೇಪಿಲ್ಲದೆ ಒಂದು ಬೆರಳಿನ ವ್ಯತ್ಯಾಸ ಹೇಗೋ ಗೊತ್ತಾಗತ್ತೆ ನಿನಗೆ?"

ಕಾವಲುಗಾರ ಬಾಗಿ, ಲಾಠಿಯ ತುದಿಯಿಂದ ತನ್ನ ಎಡ ಮೊಣಕಾಲಿನ ಕೆಳಗೆ ಎರಡು ಸಲ ಬಡಿದ. ಬಾಗಿಲು ಬಡಿದ ಹಾಗೆ, ಟಕ್ ಟಕ್ ಎಂದು ಮರದ ಸದ್ದು ಬಂತು.