ಹದಿನೇಳನೆಯ ಹಲಗೆ

ಹದಿನಾರನೆಯ ಮೆಟ್ಟಿಲಿಗೆ ತೇಗದ ಹಲಗೆ ಕೂರಿಸಿ, ಕೊನೆಯ ಸ್ಕ್ರೂ ಬಿಗಿದು ಮೌನೇಶ ಆಚಾರಿ ಬೆನ್ನು ನೆಟ್ಟಗೆ ಮಾಡಿದ. ಮನೆಯ ಯಜಮಾನರು ಒಂದೊಂದೇ ಮೆಟ್ಟಿಲು ಹತ್ತುತ್ತ, "ಲಾಭ, ನಷ್ಟ, ಲಾಭ, ನಷ್ಟ" ಎಂದು ಎಣಿಸುತ್ತ ಬಂದರು. ಕೊನೆಯದು ನಷ್ಟಕ್ಕೆ ಬಂತು.

"ಇನ್ನೊಂದು ಹಲಗಿ ಬಡಿ."

"ಎಲ್ಲಿ ಬಡೀಲ್ರಿ? ಮೆಟ್ಲಾ ಮುಗದು ಕೋಣಿ ಬಾಗ್ಲಾ ಬಂತು. ಅದು ಹೊರಗ ತೆರೀತೈತ್ರಿ, ಹಲಗಿ ಅಡ್ಡ ಬರ್ತೈತಿ."

"ಲಾಭದ ಮ್ಯಾಲೇ ಮುಗೀಬೇಕು ಅಂತ ವಾಸ್ತು ಪಂಡಿತರು ಮುಂಜಾನೇನ ಹೇಳ್ಯಾರ. ಅವರಿಗಿಂತ ನಿನಗ ಹೆಚ್ಚು ಗೊತ್ತೇನು?"

ಪಂಡಿತರಿಗೆ ಗೊತ್ತಿದ್ದುದರಲ್ಲಿ ಹೋಳಿಗೆಗೆ ಎಷ್ಟು ತುಪ್ಪ ಬೇಕೆಂಬುದೂ ಒಂದು. ಐದು ಹೋಳಿಗೆ ಮುಗಿಸಿ ಅವರು ಆಗಲೇ ಮೇಲೆ ಒರಗಲು ಹೋಗಿದ್ದರು.

ಮೌನೇಶ ಬಾಗಿಲಿನ ಬುಡಕ್ಕೇ ಹಲಗೆಯಿಟ್ಟು, ಅಂಟು ಬಳಿದು, ಸ್ಕ್ರೂ ಜಡಿದ. ಯಜಮಾನರು ಅದರ ಮೇಲೆ ನಿಂತು "ಲಾಭ" ಎಂದು ಮೀಸೆ ತೀಡಿಕೊಂಡರು.

ಅಷ್ಟರಲ್ಲಿ ಬಾಗಿಲನ್ನು ಒಳಗಿನಿಂದ ಯಾರೋ ದೂಡಿದರು. ಬಾಗಿಲು ಹಲಗೆಗೆ ತಾಗಿ ಅಲ್ಲೇ ನಿಂತಿತು.

"ಯಜಮಾನ್ರ, ಬಾಗ್ಲಾ ತಗೀರಿ!" ಪಂಡಿತರ ದನಿ. "ಇನ್ನೊಂದು ಮನಿ ವಾಸ್ತು ನೋಡ್ಲಿಕ್ಕೆ ಹೋಗ್ಬೇಕು!"

ಯಜಮಾನರು ಬಾಗಿಲ ಸಂದಿಗೆ ಬಾಯಿ ಹಚ್ಚಿದರು. "ಪಂಡಿತ್ರ, ಬಾಗ್ಲಾ ತಗೀಬೇಕಂದ್ರ ಹಲಗಿ ಕೀಳಬೇಕ್ರಿ. ಕಿತ್ರ ಹದಿನಾರೇ ಉಳೀತಾವ. ಕೊನೀದು ನಷ್ಟ ಆಗ್ತದಲ್ರಿ!"

ಪಂಡಿತರು ಒಳಗಿನಿಂದ ಬಾಗಿಲನ್ನು ಇನ್ನೊಮ್ಮೆ ದೂಡಿ ನೋಡಿದರು.

"ಅದಕ್ಕೇನ್ರಿ, ಎಣಿಕಿ ನಷ್ಟದಿಂದ ಸುರು ಮಾಡ್ರಿ!"