ಟ್ರೇನರ್ ಪೃಥ್ವಿರಾಜನ ಹಿಂಭಾಗ

"ಹಿಮ್ಮಡ ಊರಿ ಏಳು. ಮ್ಯಾಲ ಬಂದಾಗ ಕುಂಡಿ ಗಟ್ಟಿ ಬಿಗಿಹಿಡಿ, ಎರಡು ಎಣಿಸು, ಆಮ್ಯಾಲ ಸಾವಕಾಶ ಕುಂದ್ರು." ಜತ್ತದ ಜಿಮ್ಮಿನ ಟ್ರೇನರ್ ಪೃಥ್ವಿರಾಜ ಬಾಗಿಲಿಗೆ ಬೆನ್ನು ಮಾಡಿ, ತೂಕವಿಲ್ಲದ ರಾಡು ಹೆಗಲಿಗಿಟ್ಟು ಕೂತೆದ್ದು ತೋರಿಸುತ್ತಿದ್ದ. "ಈ ಮೈಯಾಗ ಪೊಲೀಸ್ ಭರ್ತಿಗಿ ಓಡ್ತಿಯೇನು? ಹಿಂದ ಹಲಗಿ ಇದ್ದಂಗೈತಿ. ನನ್ನ ನೋಡಿ ಕಲಿ."

ಅವನ ಪಕ್ಕದಲ್ಲಿ ನಿಂತಿದ್ದ ಸ್ವಪ್ನಾಲಿ ತಲೆ ತಗ್ಗಿಸಿದಳು. ಮೂರು ತಿಂಗಳಿಂದ ಅವನು ಹೇಳಿದಂತೆಯೇ ಕೂತೆದ್ದಿದ್ದಳು. ಮುಂದಿನ ವಾರ ಪೊಲೀಸ್ ನೇಮಕಾತಿಯ ಓಟದ ಪರೀಕ್ಷೆಯಿತ್ತು.

ಮೊಮ್ಮಗಳನ್ನು ಕರೆದೊಯ್ಯಲು ಮಾಡಗ್ಯಾಳದಿಂದ ಬಂದಿದ್ದ ಮಲಕವ್ವ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿದಳು. ಐವತ್ತು ವರ್ಷ ಕುರಿ ಕಾಯ್ದ ಅವಳ ಕಣ್ಣು ಪೃಥ್ವಿರಾಜನ ಬಿಗಿ ಪ್ಯಾಂಟಿನ ಎರಡು ಗುಂಡನೆಯ ಉಬ್ಬುಗಳ ಮೇಲೆ ನೆಟ್ಟಿತು. ಮನುಷ್ಯ ಕೂತರೂ ಎದ್ದರೂ ಅವುಗಳ ಆಕಾರ ಬದಲಾಗುತ್ತಿರಲಿಲ್ಲ. ಟಗರು ಕೊಳ್ಳುವಾಗ ಮಲಕವ್ವ ಮಾರುವವನ ಮಾತು ಕೇಳಿದವಳೇ ಅಲ್ಲ, ಮೊದಲು ಹಿಂದೆ ಒತ್ತಿ ನೋಡುವವಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಯಲ್ಲಿದ್ದ ಕೋಲಿನ ತುದಿಯನ್ನು ಬಲಗಡೆಯ ಉಬ್ಬಿಗೆ ಇಟ್ಟು ಒತ್ತಿದಳು.

ಕೋಲು ಎರಡು ಬೆರಳಿನಷ್ಟು ಒಳಗೆ ಹೋಯಿತು. ಪೃಥ್ವಿರಾಜನಿಗೆ ಗೊತ್ತೇ ಆಗಲಿಲ್ಲ. "ಬಿಗಿಹಿಡಿ, ಒಂದು, ಎರಡು," ಎಂದು ಎಣಿಸುತ್ತಲೇ ಇದ್ದ. ಕೋಲು ತೆಗೆದ ಮೇಲೆ ಒಳಗಿನ ಸ್ಪಂಜು ಮೆಲ್ಲಗೆ ಉಬ್ಬಿ ಮೊದಲಿನಂತಾಯಿತು. ಸ್ವಪ್ನಾಲಿ ತಗ್ಗಿಸಿದ್ದ ತಲೆ ಎತ್ತಿದಳು.

"ನಡಿಯವ್ವಾ ಮನಿಗಿ," ಎಂದಳು ಮಲಕವ್ವ. "ಇದು ಸಂತ್ಯಾಗ ದಪ್ಪ ಕಾಣಲಿ ಅಂತ ನೀರು ಕುಡಿಸಿ ತಂದ ಟಗರು."