ನಾಯಿಬಾಲ

"ಇವ್ಯಾವೂ ಅಲ್ಲ. ಸೊಟ್ಟದ್ದೊಂದು ಪಾನ ಇತ್ತಲ್ಲ, ಅದೆಲ್ಲಿ?" ಎಂದು ಕೇಳಿದ ಕೊಳ್ಳಲು ಬಂದವನು. ಶೆಡ್ಡಿನ ನೆಲಕ್ಕೆ ಹಾಸಿದ್ದ ಗೋಣಿಚೀಲದ ಮೇಲೆ ನಟ್ಟು ಬಿಚ್ಚುವ ಪಾನಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಎರಡೆರಡು ಸಲ ನೋಡಿಯಾಗಿತ್ತು. ಅವನೂ ಗಾಡಿ ರಿಪೇರಿಯವನೇ. ಉಗುರಿನ ಸಂದಿಯ ಕಪ್ಪು ನೋಡಿದರೇ ಗೊತ್ತಾಗುತ್ತಿತ್ತು. ಆನ್‌ಲೈನಿನಲ್ಲಿ ಫೋಟೊ ನೋಡಿ, ಮೂರು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದ.

ಸ್ಟೂಲಿನ ಮೇಲೆ ಕೂತಿದ್ದ ಹಳೇ ಮೆಕ್ಯಾನಿಕ್ಕಿಗೆ ಒಳಗೊಳಗೇ ಖುಷಿಯಾಯಿತು. ಬಲಗೈಗೆ ನಡುಕ ಹಿಡಿದು ವರ್ಷವಾಗಿತ್ತು. ನಟ್ಟಿನ ಮೇಲೆ ಪಾನ ಕೂರುವಷ್ಟರಲ್ಲಿ ಹತ್ತು ಸಲ ಜಾರುತ್ತಿತ್ತು. ಇನ್ನು ಸಾಕು ಎಂದು ಸಾಮಾನು ಮಾರಲು ಒಪ್ಪಿದಾಗ, ಅದರ ಉಸ್ತುವಾರಿಯನ್ನು ಹೆಂಡತಿಯ ತಮ್ಮ ಯಾರೂ ಹೇಳದೆ ಹೊತ್ತುಕೊಂಡಿದ್ದ. ಆನ್‌ಲೈನಿನಲ್ಲಿ ಎರಡು ಹಳೇ ಫ್ರಿಜ್ಜು, ಒಂದು ಸೋಫಾ ಮಾರಿ ಪಳಗಿದವನು. ಎರಡು ಫ್ರಿಜ್ಜು ಮಾರಿದವನಿಗೆ ಲೋಕದಲ್ಲಿ ಗೊತ್ತಿಲ್ಲದ್ದು ಅಂತ ಏನೂ ಉಳಿದಿರುವುದಿಲ್ಲ.

ಮೆಕ್ಯಾನಿಕ್ಕಿನದು ಒಂದೇ ಹಟ. ಬೆಲೆ ನ್ಯಾಯವಾಗಿರಬೇಕು, ದೋಷವಿದ್ದರೆ ಬಾಯಿಬಿಟ್ಟು ಹೇಳಬೇಕು. ಹಾಗಾಗಿ ಪ್ರತಿ ಫೋಟೊದ ಕೆಳಗೂ 'ದೋಷ' ಎಂದೊಂದು ಸಾಲು ಬಂತು. ಜಾಕಿಗೆ, ಭಾರ ಹೊತ್ತು ಒಂದು ಗಂಟೆ ನಿಂತರೆ ಎರಡು ಬೆರಳು ಇಳಿಯುತ್ತದೆ. ಇಕ್ಕಳಕ್ಕೆ, ಹಲ್ಲು ಸವೆದಿದೆ. ಇದೇನು ಮಾರಾಟವೋ ತಪ್ಪೊಪ್ಪಿಗೆಯೋ ಎಂದು ಗೊಣಗುತ್ತಲೇ ಭಾವಮೈದುನ ಎಲ್ಲವನ್ನೂ ಬರೆದಿದ್ದ. ಜಗಳ ಹತ್ತಿದ್ದು ಆ ಸೊಟ್ಟ ಪಾನಕ್ಕೆ. ಅದಕ್ಕೆ ಹೊಸದರ ನಾಲ್ಕು ಪಟ್ಟು ಬೆಲೆ ಹಾಕು ಎಂದ ಮೆಕ್ಯಾನಿಕ್. ಸೊಟ್ಟಗಾದ ಪಾನಕ್ಕೆ ನಾಲ್ಕು ಪಟ್ಟೇ ಎಂದು ಭಾವಮೈದುನ ಬಿದ್ದು ಬಿದ್ದು ನಕ್ಕ. ದೋಷದ ಸಾಲಿನಲ್ಲಿ 'ಸೊಟ್ಟಗಿದೆ' ಎಂದು ಬರೆಯಲು ಹೋದವನ ಕೈಯನ್ನು ಭಾವ ತಡೆದು, 'ಇಲ್ಲ' ಎಂದು ಬರೆಸಿದ್ದ.

ಗ್ಯಾರೇಜಿನವರು ಅದಕ್ಕಿಟ್ಟ ಹೆಸರು ನಾಯಿಬಾಲ. ಹಳೇ ಡೀಸೆಲ್ ವ್ಯಾನುಗಳಲ್ಲಿ ಸ್ಟಾರ್ಟರ್ ಮೋಟರಿನ ಹಿಂದೆ ಒಂದು ನಟ್ಟಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಎಟುಕುವುದಿಲ್ಲ. ಅದೊಂದನ್ನು ಬಿಚ್ಚಲು ಅರ್ಧ ಎಂಜಿನ್ ಕಳಚಬೇಕು. ಮೆಕ್ಯಾನಿಕ್ ತನ್ನ ಪ್ರಾಯದಲ್ಲಿ ಐದು ಪಾನಗಳನ್ನು ಕಾಯಿಸಿ ಬಗ್ಗಿಸಿ ಕೆಡಿಸಿ, ಆರನೆಯದರಲ್ಲಿ ಸರಿಯಾದ ಬಾಗು ಹಿಡಿದಿದ್ದ. ಆಮೇಲೆ ಅದು ಹತ್ತು ನಿಮಿಷದ ಕೆಲಸವಾಯಿತು. ಇಪ್ಪತ್ತೆರಡು ವರ್ಷ ಮನೆಯವರ ಹೊಟ್ಟೆ ಹೊರೆದದ್ದು ಆ ಡೊಂಕೇ.

ಬಂದವನು ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದ ಫೋಟೊ ತೋರಿಸಿದ. "ನೋಡಿದ ತಕ್ಷಣ ಗೊತ್ತಾಯ್ತು ಅಣ್ಣ, ಇದು ಯಾವ ನಟ್ಟಿಗೆ ಮಾಡಿದ್ದು ಅಂತ. ನಾಲ್ಕು ಪಟ್ಟು ಹಾಕಿದ್ರಿ. ಐದು ಕೊಡ್ತೀನಿ. ಅದು ಸಿಕ್ಕಿದ್ರೆ ಸಾಕು ನನಗೆ."

ಮೆಕ್ಯಾನಿಕ್ಕಿನ ಕಣ್ಣು ತೇವವಾಯಿತು. ತನ್ನ ಕೈಗೆ ಒಂದು ಬೆಲೆಯಿತ್ತು ಎಂದು ಯಾರೋ ಗುರುತಿಸಿದ್ದರು, ಅದೂ ಬರೀ ಫೋಟೊ ನೋಡಿ. ಬೆಲೆಬಾಳುವ ವಸ್ತುವೆಂದು ಭಾವಮೈದುನ ಬೇರೆ ತೆಗೆದಿಟ್ಟಿರಬೇಕು ಅಂದುಕೊಂಡು, ನಾಯಿಬಾಲ ತಗೊಂಡು ಬಾರೋ ಎಂದ.

ಭಾವಮೈದುನ ಎಲ್ಲಿಗೂ ಹೋಗಲಿಲ್ಲ. ಅಲ್ಲೇ ಬಗ್ಗಿ, ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದ ಪಾನವನ್ನು ಎತ್ತಿ ಹಿಡಿದ. ಮುಖದಲ್ಲಿ ಬಹುಮಾನ ಗೆದ್ದವನ ಕಳೆ.

"ಇದೇ ಅಲ್ವಾ ಭಾವ? ನಾಲ್ಕು ದಿನ ಕಾದೆ, ಒಬ್ರೂ ಕೇಳ್ಲಿಲ್ಲ. ನೀವು ಹೇಳಿದ ಬೆಲೆ ಬರ್ಲಿ ಅಂತ ವೆಲ್ಡಿಂಗ್ ಅಂಗಡೀಲಿ ಕಾಯಿಸಿ, ಬಡಿಸಿ, ನೆಟ್ಟಗೆ ಮಾಡಿಸಿದೆ. ಪಾಲಿಶ್ ಖರ್ಚು ನಂದೇ."

ಬಂದವನು ಅದನ್ನು ಕೈಗೆ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ. ಸೂಜಿಯ ಹಾಗೆ ನೆಟ್ಟಗಿತ್ತು. ಮತ್ತೆ ಬಗ್ಗಿಸಲಿಕ್ಕೆ ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದ.

"ಪದೇ ಪದೇ ಬೆಂಕಿ ತಿಂದ ಕಬ್ಬಿಣ. ಇನ್ನೊಂದ್ಸಲ ಬಗ್ಗಿಸಿದ್ರೆ ಮುರಿಯುತ್ತೆ," ಎಂದ ಮೆಕ್ಯಾನಿಕ್. "ಹೊಸದಕ್ಕೆ ಬಾಗು ಕೊಡೋಣ ಅಂದ್ರೆ, ಅದು ನನ್ನ ತಲೆಗೆ ಯಾವತ್ತೂ ಗೊತ್ತಿರಲಿಲ್ಲ. ಈ ಕೈಗೆ ಗೊತ್ತಿತ್ತು." ಮುಂದೆ ಚಾಚಿದ ಬಲಗೈ ನಡುಗುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದು ತೊಡೆಯ ಮೇಲೆ ಇಟ್ಟುಕೊಂಡ.

ಬಂದ ತಪ್ಪಿಗೆ ಆ ಮನುಷ್ಯ ಒಂದು ಸ್ಕ್ರೂಡ್ರೈವರ್ ಕೊಂಡ. ಚೌಕಾಸಿ ಮಾಡಲಿಲ್ಲ. ಮೆಕ್ಯಾನಿಕ್ಕಿಗೆ ಅದು ಬೇರೆ ಚುಚ್ಚಿತು.

ಅವನು ಗೇಟು ದಾಟಿದ ಮೇಲೆ ಭಾವಮೈದುನ ಸಣ್ಣ ಮುಖ ಮಾಡಿಕೊಂಡು, ಒಳ್ಳೇದಾಗಲಿ ಅಂತಲೇ ಮಾಡಿದ್ದು ಎಂದ. ಮೆಕ್ಯಾನಿಕ್ ಬೈಯಲಿಲ್ಲ. ಬೈಯಲು ಬೇಕಾದಷ್ಟು ಸಿಟ್ಟಿತ್ತು, ಆದರೆ ಹುಡುಕಿದರೂ ಆ ಮುಖದಲ್ಲಿ ಕೆಟ್ಟ ಬುದ್ಧಿ ಸಿಗಲಿಲ್ಲ.

"ನಾಯಿ ಬಾಲ ನೆಟ್ಟಗಾಗಲ್ಲ ಅಂತಾರೆ ಜನ. ನೀನು ಮಾಡಿಬಿಟ್ಟೆ ನೋಡು," ಎಂದಷ್ಟೇ ಹೇಳಿ, ಹೊಸದರ ಕಾಲು ಭಾಗ ಬೆಲೆ ಹಾಕಲು ಸೂಚಿಸಿದ.

ಭಾವಮೈದುನ ಫೋನು ತೆಗೆದು ಬೆಲೆ ತಿದ್ದಿದ. ಕೆಳಗಿನ ಸಾಲಿಗೆ ಬಂದಾಗ ಅವನ ಬೆರಳು ನಿಂತಿತು. "ದೋಷ ಅನ್ನೋ ಕಡೆ 'ಇಲ್ಲ' ಅಂತಿದೆ ಭಾವ. ಹಾಗೇ ಇರಲಾ?"

"ಅಳಿಸು," ಎಂದ ಮೆಕ್ಯಾನಿಕ್. "ನೆಟ್ಟಗಿದೆ ಅಂತ ಬರಿ."